ಅಳಿಸಿದ ಅರ್ಧ ವಾಕ್ಯ

ಮೂಡಲಗಿ
೧೨ ಆಗಸ್ಟ್ ೨೦೨೪, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀ? ರಾಯಚೂರಿನ ನೀರು ಈಗಲಾದರೂ ಮೈಗೆ ಹೊಂದಿತೇ? ಹೋದ ಸಲ ಫೋನ್ ಮಾಡಿದಾಗ ಕೂದಲು ಉದುರುತ್ತಿದೆ ಎಂದು ಅವ್ವನ ಹತ್ತಿರ ಹೇಳಿದೆಯಂತೆ. ಅವಳು ಅವತ್ತೇ ಒಂದು ಬಾಟಲಿ ಕೊಬ್ಬರಿ ಎಣ್ಣೆ ಕಾಯಿಸಿಟ್ಟು, ಆ ಕಡೆ ಹೋಗುವವರು ಯಾರಾದರೂ ಸಿಗುತ್ತಾರೇನೋ ಎಂದು ದಾರಿ ಕಾಯುತ್ತಿದ್ದಾಳೆ. ಅವಳ ಮೊಣಕಾಲು ನೋವು ಹಾಗೇ ಇದೆ, ಬಿ.ಪಿ. ಮಾತ್ರ ನೆಟ್ಟಗಿದೆ, ಪ್ರತಿ ರವಿವಾರ ನಾನೇ ನೋಡುತ್ತೇನೆ. ನಿನ್ನ ನರ್ಸಿಂಗ್ ಶಾಲೆಯ ಹುಡುಗಿಯರು ನಿನಗೆ ಹೆದರುತ್ತಾರೋ ಇಲ್ಲವೋ ಎಂದು ಕೇಳುತ್ತಿರುತ್ತಾಳೆ. ಹೆದರದೆ ಏನು ಮಾಡಿಯಾರು, ಸೂಜಿ ಹಿಡಿಯುವುದು ತಪ್ಪಿದರೆ ನೀನು ನೋಡುವ ನೋಟ ನನಗೆ ಗೊತ್ತಿಲ್ಲವೇ.

ನಾಲ್ಕು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ಅವ್ವನ ಫೋನಿನಿಂದ ಮಾಡಬಹುದಿತ್ತು, ಆದರೆ ಹೇಳಬೇಕಾದದ್ದನ್ನು ಅವಳ ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಹುಕ್ಕೇರಿಯ ದಾಕ್ಷಾಯಿಣಿ ಮೇಡಂ 'ನಾ ಹೇಳ್ಲೇನೋ ಆಕಿಗೆ' ಎಂದು ಎರಡು ಸಲ ಕೇಳಿದರು, ನಾನೇ ಬೇಡವೆಂದೆ. ಅದಕ್ಕೇ ಎಷ್ಟೋ ವರ್ಷಗಳ ಮೇಲೆ ಕಾಗದ ಹಿಡಿದು ಕೂತಿದ್ದೇನೆ. ಅಂಗಡಿಯಲ್ಲಿ ಈಗ ಮಧ್ಯಾಹ್ನ, ಗಿರಾಕಿ ಕಡಿಮೆ. ಅಕ್ಷರ ಕೆಟ್ಟಿದ್ದರೆ ಸುಧಾರಿಸಿಕೋ. ಡಾಕ್ಟರರ ಚೀಟಿ ಓದಿ ಓದಿ ನನ್ನ ಕೈಯೂ ಹಾಗೇ ಆಗಿದೆ. ಮೊದಲಿನಿಂದ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಹಾಗೆ ಬರೆಯದಿದ್ದರೆ ನಡುವೆ ಎಲ್ಲೋ ನಾನು ಜಾರಿಕೊಂಡುಬಿಡುತ್ತೇನೆ.

ಮೂರು ವರ್ಷದ ಹಿಂದೆ ಗೋಕಾಕದ ವಾರ್ಡಿನಲ್ಲಿ ನಿನ್ನ ಡ್ಯೂಟಿ ಇದ್ದಾಗ, ಎರಡು ಹಲ್ಲು ಮುರಿದು, ಬಾಯಿ ತುಂಬ ರಕ್ತ ಸುರಿಯುತ್ತಿದ್ದ ಅಂಕಲಗಿ ಕಡೆಯವರೊಬ್ಬರನ್ನು ಕರೆತಂದಿದ್ದರಲ್ಲ. ಫಿಟ್ಸ್ ಬಂದಾಗ ಮನೆಯವರು ಹಲ್ಲಿನ ನಡುವೆ ಉಕ್ಕಿನ ಚಮಚ ತುರುಕಿದ್ದರು. ನೀನು ಬೈದದ್ದಕ್ಕೆ ಅವರು 'ಹಂಗ ಮಾಡ್ರಿ ಅಂತ ಫೋನಿನ್ಯಾಗ ಬರದೈತ್ರಿ ಸಿಸ್ಟರ್' ಎಂದರು. ಸಂಜೆ ಮನೆಗೆ ಬಂದು ನೀನು ಹುಡುಕಿದರೆ ಖರೆಯೇ ಬರೆದಿತ್ತು, ಅದೂ ಎಲ್ಲರೂ ನಂಬುವ, ಯಾರು ಬೇಕಾದರೂ ತಿದ್ದಬಹುದಾದ ಆ ಅಂತರ್ಜಾಲದ ವಿಶ್ವಕೋಶದಲ್ಲಿ. ಯಾರೋ ಪುಣ್ಯಾತ್ಮ ಇಂಗ್ಲಿಷ್ ಲೇಖನವನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿ, ಮೇಲೆ ತನ್ನ ಬುದ್ಧಿಯನ್ನೂ ನಾಲ್ಕು ಸಾಲು ಸೇರಿಸಿದ್ದ. ಫಿಟ್ಸ್ ಬರುವುದಕ್ಕೆ, ಇಂಗ್ಲಿಷಿನ 'ಸೀಜರ್' ಪದವನ್ನು ಹಿಡಿದು, 'ವಶಪಡಿಸಿಕೊಳ್ಳುವಿಕೆ' ಎಂದಿತ್ತು, ಮಾತ್ರೆಗೆ 'ಮಾದಕವಸ್ತು' ಎಂದಿತ್ತು. ಕನ್ನಡ ಕಲಿಸಿ ನಿವೃತ್ತರಾಗಿ ಮನೆಯಲ್ಲಿದ್ದ ನಿನ್ನ ಹಳೆಯ ದಾಕ್ಷಾಯಿಣಿ ಮೇಡಂಗೆ ನೀನು ಅದನ್ನು ಕಳಿಸಿದಾಗ 'ಯಾರು ಯಾರನ್ನ ವಶಪಡಿಸ್ಕೊಂಡ್ರವಾ, ಪೊಲೀಸರು ಬಂದಿದ್ರೇನು' ಎಂದು ನಕ್ಕು, ಮರುದಿನವೇ ತಿದ್ದಲು ಕೂತರು. ಹಾಗೆ ನಾವು ಮೂವರಾದೆವು. ಗೋಕಾಕದಿಂದ ನೀನು ವಿಷಯ ಬರೆಯುವುದು, ಮೂಡಲಗಿಯಲ್ಲಿ ನಾನು ಔಷಧಿಗಳ ಹೆಸರು, ಪ್ರಮಾಣ ನೋಡುವುದು, ಹುಕ್ಕೇರಿಯಲ್ಲಿ ಮೇಡಂ ಅದನ್ನು ಮನುಷ್ಯರು ಓದುವ ಕನ್ನಡಕ್ಕೆ ತರುವುದು. ರಕ್ತಹೀನತೆ, ಕ್ಷಯ, ನಾಯಿ ಕಡಿತ ಎಲ್ಲ ಸೇರಿ ಹನ್ನೊಂದು ಲೇಖನ ಮುಗಿಸಿದೆವು. ಆದರೆ ಫಿಟ್ಸಿನ, ಅಂದರೆ ಅಪಸ್ಮಾರದ, ಲೇಖನ ಮಾತ್ರ ನಿನ್ನದೇ. ಅದರಲ್ಲಿ ಒಂದು ವಾಕ್ಯಕ್ಕಾಗಿ ನೀನು ಎರಡು ದಿನ ಮೇಡಂ ಜೊತೆ ಜಗಳಾಡಿದ್ದು ನೆನಪಿದೆ: 'ಅಪಸ್ಮಾರದ ಕೆಲವು ಮಾತ್ರೆಗಳು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು, ಆದರೆ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.'

ಆಮೇಲೆ ಆ ನಿರ್ವಾಹಕ ಬಂದ, ವಿಶ್ವಕೋಶದ ಪುಟಗಳನ್ನು ಕಾಯುವವನು. ಹಂಸಪಕ್ಷಿ ಎಂಬ ಹೆಸರಿನ ಹಿಂದೆ ಯಾವ ಊರಿನ ಯಾವ ಮನುಷ್ಯನಿದ್ದಾನೋ ಇವತ್ತಿಗೂ ಗೊತ್ತಿಲ್ಲ. ಚಮಚ ತುರುಕಿರಿ ಎಂದು ವರ್ಷಗಟ್ಟಲೆ ಇದ್ದಾಗ ಸುಮ್ಮನಿದ್ದವನು, ನಾವು ಸರಿಪಡಿಸಿದ ಮೇಲೆ ಕಣ್ಣು ಬಿಟ್ಟ. ಪ್ರತಿ ಸಾಲಿಗೂ 'ಉಲ್ಲೇಖ ಬೇಕು'. ಸರಕಾರದ ಆರೋಗ್ಯ ಇಲಾಖೆಯ ಕನ್ನಡ ಪುಸ್ತಿಕೆಯನ್ನೇ ತೋರಿಸಿದರೆ ಅದು ಜಾಲದಲ್ಲಿಲ್ಲ, ಪರಿಶೀಲಿಸಲು ಬರುವುದಿಲ್ಲ ಎಂದ. ಜಾಲದಲ್ಲಿರುವುದನ್ನು ತೋರಿಸಿದರೆ ಅದು ಇಂಗ್ಲಿಷಿನಲ್ಲಿದೆ, ಕನ್ನಡದ ಮೂಲ ಇದ್ದರೆ ಉತ್ತಮ ಎಂದ. ಮೇಡಂ ನಾಲ್ವರು ಡಾಕ್ಟರರಿಗೆ ಪತ್ರ ಬರೆದರು, ಒಬ್ಬರೂ ಉತ್ತರಿಸಲಿಲ್ಲ. ಈ ಮಾರ್ಚ್ ಕೊನೆಗೆ, ನೀನು ಬಡ್ತಿಯ ಮೇಲೆ ರಾಯಚೂರಿಗೆ ಹೋಗಿ ಮನೆ ಹುಡುಕುತ್ತಿದ್ದ ಹೊತ್ತಿಗೆ ಸರಿಯಾಗಿ, ಲೇಖನದ ತಲೆಯ ಮೇಲೆ ಕೆಂಪು ಪಟ್ಟಿ ಅಂಟಿಸಿದ. ಇದು ವಿಶ್ವಕೋಶದ ಲೇಖನವಲ್ಲ, ಕೈಪಿಡಿಯಂತಿದೆ, ವೈದ್ಯಕೀಯ ಸಲಹೆ ಕೊಡುತ್ತಿದೆ, ಏಳು ದಿನದೊಳಗೆ ಸರಿಪಡಿಸದಿದ್ದರೆ ಅಳಿಸಲಾಗುವುದು ಎಂದು.

ಏಳನೆಯ ದಿನ ಯಾರೋ ಅನಾಮಿಕರು, ಹೆಸರಿಲ್ಲದೆ ಬರೀ ಅಂಕಿಗಳ ಗುರುತಿನಿಂದ ಬಂದು, 'ಬೇಕು', 'ಬಾರದು' ಎಂದು ಮುಗಿಯುವ ಹದಿನಾಲ್ಕು ಮಾತುಗಳನ್ನು ಒಂದೇ ಬಾರಿಗೆ ಕಿತ್ತುಹಾಕಿದರು. ನಿನ್ನ ವಾಕ್ಯದ ಅರ್ಧವೂ ಅದರಲ್ಲಿ ಹೋಯಿತು. ಹಂಸಪಕ್ಷಿಯೇ ಮುಖ ಮರೆಸಿಕೊಂಡು ಬಂದು ಹೀಗೆ ಮಾಡಿದ್ದಾನೆ ಎಂದು ನೀನು ಚರ್ಚೆ ಪುಟದಲ್ಲಿ ಬರೆದೆ. ಕಳ್ಳ ಎಂದೆ, ಇನ್ನೂ ಏನೇನೋ ಎಂದೆ. ಅವರು ಒಂದು ವಾರ ನಿನ್ನ ಖಾತೆಯನ್ನು ತಡೆದಿಟ್ಟರು. ನೀನು ನನಗೆ ಫೋನ್ ಮಾಡಿ 'ನೀ ಒಂದ್ ಮಾತರೆ ನನ್ನ ಪರ ಬರದಿ ಏನು' ಎಂದು ಕೇಳಿದೆ. ನಾನು ಅವ್ವನ ಮೊಣಕಾಲಿನ ಸುದ್ದಿ ತೆಗೆದೆ. 'ಇನ್ನ ಮ್ಯಾಲೆ ನಾ ಒಂದ್ ಅಕ್ಷರಾನೂ ಬರಿಯಾಂಗಿಲ್ಲ, ನಿನ್ನ ಜೋಡಿ ಮಾತೂ ಇಲ್ಲ' ಎಂದು ನೀನು ಫೋನ್ ಇಟ್ಟುಬಿಟ್ಟೆ.

ಅಕ್ಕಾ, ಆ ಅನಾಮಿಕ ನಾನು. ಅಂಗಡಿಯ ಕಂಪ್ಯೂಟರಿನಲ್ಲಿ, ಕೌಂಟರಿನ ಆಚೆ ನಾಲ್ಕು ಜನ ನಿಂತು ಚೀಟಿ ಚಾಚುತ್ತಿದ್ದಾಗ, ಲಾಗಿನ್ ಕೂಡ ಆಗದೆ ಮಾಡಿದ ಕೆಲಸ ಅದು. ಇಡೀ ಲೇಖನ ಹೋಗಿ ಮತ್ತೆ ಆ ಚಮಚದ ಕಾಲಕ್ಕೆ ಬರುವುದಕ್ಕಿಂತ, ತಕರಾರಿನ ಸಾಲುಗಳನ್ನು ಈಗ ತೆಗೆದು ಲೇಖನ ಉಳಿಸೋಣ, ಆಮೇಲೆ ನೀನು ಬಂದಾಗ ಬೇರೆ ರೀತಿ ಬರೆದರಾಯಿತು ಎಂದುಕೊಂಡೆ. 'ಆದರೆ'ಯಿಂದ ಮುಂದಿನದನ್ನು ಆರಿಸಿ ಅಳಿಸಿದೆ. ಹಿಂದಿನ ಅರ್ಧದಲ್ಲಿ 'ಬಾರದು' ಇರಲಿಲ್ಲವಾದ್ದರಿಂದ ಅದು ಉಳಿಯಿತು. ಹಾಗೆ ಉಳಿದದ್ದು ಏನು ಹೇಳುತ್ತದೆ ಎಂದು ಓದಿ ಕೂಡ ನೋಡಲಿಲ್ಲ. ನೀನು ಅವನ ಮೇಲೆ ಹರಿಹಾಯ್ದಾಗ ನನಗೆ ಹೇಳುವ ಅವಕಾಶ ಹತ್ತು ಸಲ ಇತ್ತು. ಒಂದು ದಿನ ತಡೆದೆ. ಎರಡನೆಯ ದಿನಕ್ಕೆ ಹೇಳುವುದು ಮೊದಲನೆಯ ದಿನಕ್ಕಿಂತ ಕಷ್ಟವಾಗಿತ್ತು. ಈ ನಾಲ್ಕು ತಿಂಗಳು ಆ ಹಂಸಪಕ್ಷಿಯನ್ನು ನಾನು ಬೈಯದ ದಿನವಿಲ್ಲ. ಬೈದಷ್ಟೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಕಾಗದವನ್ನೂ ಬರೆಯುತ್ತಿದ್ದೆನೋ ಇಲ್ಲವೋ. ಕುಲಗೋಡದ ಕರೆಪ್ಪ ನಿನಗೆ ಗೊತ್ತಿಲ್ಲ. ಸ್ವಲ್ಪ ಕಬ್ಬು, ಎರಡು ಎಮ್ಮೆ, ಮಾತು ಕಡಿಮೆಯ ಮನುಷ್ಯ. ಹೆಂಡತಿ ಅಲ್ಲವ್ವನಿಗೆ ಚಿಕ್ಕಂದಿನಿಂದ ಫಿಟ್ಸ್ ಇದೆ. ಗೋಕಾಕದ ಡಾಕ್ಟರರು ಬರೆದುಕೊಟ್ಟ ಮಾತ್ರೆಗೆ ತಿಂಗಳಿಗೊಮ್ಮೆ ತಪ್ಪದೆ ನನ್ನ ಅಂಗಡಿಗೆ ಬರುತ್ತಿದ್ದ. ಮೇ ತಿಂಗಳಲ್ಲಿ ಬರಲಿಲ್ಲ. ಜೂನಿನಲ್ಲೂ ಬರಲಿಲ್ಲ. ಬೇರೆ ಅಂಗಡಿ ಹಿಡಿದನೇನೋ ಎಂದು ಬಿಟ್ಟುಬಿಟ್ಟೆ. ಒಂದು ಫೋನ್ ಮಾಡಿ ಕೇಳಬಾರದಿತ್ತೇ. ಜುಲೈ ಮೊದಲ ವಾರ ಬಂದು, ಬೆಳಗಾವಿಯ ಡಾಕ್ಟರರ ಚೀಟಿ ಮುಂದಿಟ್ಟ. ಸುಟ್ಟ ಗಾಯದ ಮುಲಾಮು, ಪಟ್ಟಿ, ಅದರ ಕೆಳಗೆ ಅದೇ ಹಳೆಯ ಮಾತ್ರೆ. ಏನಾಯಿತೆಂದು ಕೇಳಿದೆ. 'ಆಕಿ ಹೊಟ್ಟೀಲೆ ಅದಾಳ್ರಿ. ಗುಳಿಗಿ ಬಿಟ್ಟಿದ್ಲು. ಹೊಟ್ಟ್ಯಾಗಿನ ಕೂಸಿಗೆ ತ್ರಾಸ ಆಕ್ಕೈತಿ ಅಂತ ಓದಿದ್ಲಂತ' ಎಂದ. ಎಲ್ಲಿ ಓದಿದಳು ಎಂದು ಕೇಳಿದಾಗ ಫೋನ್ ತೆಗೆದು ತೋರಿಸಿದ. ನಮ್ಮ ಪುಟ ಅದು. ನಮ್ಮದೇ ಅಕ್ಷರ. ಮಗುವಿಗೆ ಹಾನಿ ಮಾಡಬಲ್ಲವು, ಪೂರ್ಣವಿರಾಮ.

ಜೂನ್ ಕೊನೆಗೆ, ಅತ್ತೆ ಹೊಲಕ್ಕೆ ಹೋಗಿದ್ದಾಗ, ಅಲ್ಲವ್ವ ರೊಟ್ಟಿ ಬಡಿಯುತ್ತ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು. ಫಿಟ್ಸ್ ಬಂದು ಮುಂದಕ್ಕೆ ಬಿದ್ದಳು. ಕರೆಪ್ಪ ಹೊರಗೆ ಎಮ್ಮೆಗೆ ಮೇವು ಹಾಕುತ್ತಿದ್ದ, ವಾಸನೆ ಬಂದು ಒಳಗೆ ಓಡಿ ಎಳೆದ. ಬಲಗೈ ಮೊಣಕೈತನಕ ಸುಟ್ಟಿತ್ತು. ಅಲ್ಲಿಂದ ಗೋಕಾಕ, ಗೋಕಾಕದಿಂದ ಬೆಳಗಾವಿ. ಮಗು ಉಳಿಯಿತು, ಅದೊಂದು ಸಮಾಧಾನ. ನಿನಗೆ ಇನ್ನೊಂದನ್ನು ಹೇಳಬೇಕು, ನೀನು ಹೇಗೂ ಕೇಳುತ್ತೀ: ಅವಳು ತೆಗೆದುಕೊಳ್ಳುತ್ತಿದ್ದ ಮಾತ್ರೆ ಆ ಅಪಾಯದ ಮಾತ್ರೆಗಳಲ್ಲಿ ಇರಲೇ ಇಲ್ಲ. ಬಸುರಿಯರಿಗೆ ಡಾಕ್ಟರರು ಆರಿಸಿ ಕೊಡುವ ಮಾತ್ರೆಯೇ ಅದು. ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನನ್ನನ್ನು ಕೇಳಿದ್ದರೂ ಹೇಳುತ್ತಿದ್ದೆ. ಕೇಳು ಎನ್ನುವ ಮಾತನ್ನೇ ನಾನು ಅಳಿಸಿದ್ದೆ.

ಮೂರು ವಾರ ಒದ್ದಾಡಿದೆ. ಕೊನೆಗೆ ಒಂದು ಮುಂಜಾನೆ ಅಂಗಡಿ ಮುಚ್ಚಿ ಬೈಕಿನಲ್ಲಿ ಕುಲಗೋಡಕ್ಕೆ ಹೋದೆ. ಅಂಗಳದಲ್ಲಿ ಚಾಪೆ ಹಾಕಿ ಕೂರಿಸಿದರು. ಅಲ್ಲವ್ವ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಪಟ್ಟಿ ಬಿಚ್ಚಿದ್ದರು, ಮೂರು ಬೆರಳು ಒಂದಕ್ಕೊಂದು ಅಂಟಿ ಮಡಚಿಕೊಂಡಿವೆ. ಆಪರೇಶನ್ ಆಗಬೇಕು, ಬಾಣಂತನ ಮುಗಿದ ಮೇಲೆ ಎಂದಿದ್ದಾರಂತೆ. ನಾನು ಎಲ್ಲ ಹೇಳಿದೆ. ಲೇಖನದ ಹಳೆಯ ಪ್ರತಿಗಳು ಉಳಿದಿರುತ್ತವಲ್ಲ, ಅದರಲ್ಲಿ ನಿನ್ನ ವಾಕ್ಯ ಪೂರ್ತಿ ಇದ್ದದ್ದನ್ನು ತೆಗೆದು ತೋರಿಸಿದೆ. ಅವಳು ಫೋನನ್ನು ಎಡಗೈಯಲ್ಲಿ ಹಿಡಿದು ನಿಧಾನವಾಗಿ ಓದಿದಳು. 'ಇಷ್ಟು ಇದ್ದಿದ್ರ ನಾ ದವಾಖಾನಿಗೆ ಹೋಗಿ ಕೇಳ್ತಿದ್ದೆ. ಬಿಡ್ತಿರಲಿಲ್ಲ' ಎಂದಳು. ಆಮೇಲೆ 'ಯಾಕ ತಗದ್ರಿ?' ಎಂದು ಕೇಳಿದಳು. ನಾನು ನಿಯಮ, ಕೈಪಿಡಿ, ಕೆಂಪು ಪಟ್ಟಿ ಎಂದು ಏನೇನೋ ವಿವರಿಸತೊಡಗಿದೆ. ಆ ಅಂಗಳದಲ್ಲಿ ಆ ಮಾತುಗಳು ನನ್ನ ಕಿವಿಗೇ ಅಸಹ್ಯವಾಗಿದ್ದವು. ಅವಳು ಪೂರ್ತಿ ಕೇಳಿಸಿಕೊಂಡು, 'ನೀವ್ ಹೇಳೋದು ನನಗ ತಿಳೀಲಿಲ್ರಿ ಅಣ್ಣಾರ. ಅಳಸೋದಿದ್ರ ಪೂರಾ ಅಳಸಬೇಕಿತ್ತು. ಅರ್ಧ ಯಾಕ ಬಿಟ್ರಿ?' ಎಂದಳು. ಕರೆಪ್ಪ ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ಎದ್ದು ನಿಂತು, 'ಸಿದ್ರಾಮಣ್ಣಾ, ನೀವ್ ಈಗ ಹೊಂಡ್ರಿ' ಎಂದ. ಸಿಟ್ಟಿನಿಂದಲ್ಲ, ಬಹಳ ದಣಿದ ದನಿಯಲ್ಲಿ. ಬಂದುಬಿಟ್ಟೆ.

ಅದರ ಮುಂದಿನ ರವಿವಾರ ಹುಕ್ಕೇರಿಗೆ ಹೋದೆ. ಹೊಳೆ ಏರಿತ್ತೆಂದು ಬಸ್ಸು ಸುತ್ತು ಹಾಕಿ, ತಲುಪುವಾಗ ಮಧ್ಯಾಹ್ನವಾಗಿತ್ತು. ಮೇಡಂ ಎಲ್ಲ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ 'ಅಳೋದು ಆಮ್ಯಾಲ ಅಳಕಂತಿ. ಮೊದಲ ವಾಕ್ಯ ಸರಿ ಮಾಡು' ಎಂದರು. ಕನ್ನಡಕ ಹಾಕಿಕೊಂಡು ಹಂಸಪಕ್ಷಿಯ ಮಾರ್ಚ್ ತಿಂಗಳ ಸೂಚನೆಯನ್ನು ಮೂರು ಸಲ ಓದಿದರು. ನಾವು ಸಿಟ್ಟಿನಲ್ಲಿ ಒಂದು ಸಲವೂ ನೆಟ್ಟಗೆ ಓದಿರಲಿಲ್ಲ ಅದನ್ನು. 'ಅವ ವಿಷಯ ಬ್ಯಾಡ ಅಂದಿಲ್ಲೋ ತಮ್ಮಾ, ಅಪ್ಪಣಿ ಬ್ಯಾಡ ಅಂದಾನ. ನಿಲ್ಲಸಬಾರದು ಅಂದ್ರ ಅಪ್ಪಣಿ. ನಿಲ್ಲಿಸಿದ್ರ ಏನ್ ಆಕ್ಕೈತಿ ಅಂತ ಹೇಳಿದ್ರ ಅದು ಸಂಗತಿ' ಎಂದರು. ಅರ್ಧ ಗಂಟೆಯಲ್ಲಿ ವಾಕ್ಯ ಆಯಿತು: 'ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ತಾಯಿ, ಮಗು ಇಬ್ಬರಿಗೂ ಅಪಾಯವಾಗುತ್ತದೆ, ಹಲವು ಮಾತ್ರೆಗಳು ಗರ್ಭಾವಸ್ಥೆಯಲ್ಲಿ ಸುರಕ್ಷಿತವಾಗಿದ್ದು, ಯಾವುದನ್ನು ಮುಂದುವರಿಸಬೇಕೆಂದು ವೈದ್ಯರು ನಿರ್ಧರಿಸುತ್ತಾರೆ.' ಮೂರು ಉಲ್ಲೇಖ ಕೊಟ್ಟು, ಈ ಸಲ ನನ್ನ ಹೆಸರಿನಿಂದಲೇ ಹಾಕಿದೆ. ಎರಡು ವಾರವಾಯಿತು, ಯಾರೂ ಮುಟ್ಟಿಲ್ಲ. ಅರ್ಧ ಗಂಟೆಯ ಕೆಲಸ ಅಕ್ಕಾ. ಮಾರ್ಚಿನಲ್ಲಿ ಮೇಡಂಗೆ ಒಂದು ಫೋನ್ ಮಾಡಿದ್ದರೆ ಮುಗಿದಿರುತ್ತಿತ್ತು. ಇದನ್ನು ನೆನೆದರೆ ಕೌಂಟರಿಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸುತ್ತದೆ.

ಚರ್ಚೆ ಪುಟದಲ್ಲಿಯೂ ಬರೆದೆ: ಆ ದಿನ ಅಳಿಸಿದ ಅನಾಮಿಕ ನಾನೇ, ನನ್ನ ಅಕ್ಕ ಮಯೂರಿಯವರು ನಿರ್ವಾಹಕರ ಮೇಲೆ ಸಂಶಯ ಪಟ್ಟದ್ದು ನನ್ನ ಮೌನದಿಂದ, ಅವರ ಮೇಲಿನ ದಾಖಲೆಯನ್ನು ತೆಗೆಯಬೇಕು ಎಂದು. ಹಂಸಪಕ್ಷಿ ಎರಡೇ ಸಾಲು ಉತ್ತರಿಸಿದ. 'ಮಾಹಿತಿಗೆ ಧನ್ಯವಾದ. ತಡೆಯ ದಾಖಲೆ ಅಳಿಸಲು ಬರುವುದಿಲ್ಲ, ಪಕ್ಕದಲ್ಲಿ ಟಿಪ್ಪಣಿ ಸೇರಿಸಿದ್ದೇನೆ.' ಅಷ್ಟೇ. ನೀನು ಅವನಿಗೆ ಬರೆದ ಮಾತುಗಳ ಬಗ್ಗೆ ಒಂದಕ್ಷರವಿಲ್ಲ. ಇವನನ್ನು ಒಳ್ಳೆಯವನೆನ್ನಬೇಕೋ ಕಲ್ಲಿನವನೆನ್ನಬೇಕೋ ತಿಳಿಯದು.

ಮೊನ್ನೆ ಶನಿವಾರ ಕರೆಪ್ಪ ಮಾತ್ರೆಗೆ ಬಂದಿದ್ದ. ಇನ್ನು ಬರಲಾರನೆಂದುಕೊಂಡಿದ್ದೆ. ಚೀಟಿ ಕೊಟ್ಟ, ತೆಗೆದುಕೊಂಡ, ಹೋಗುವಾಗ ತಿರುಗಿ ನಿಂತು 'ಒಲಿ ಸುದ್ದಿ ಬರದಿರೇನು ಅಂತ ಆಕಿ ಕೇಳ್ಯಾಳ' ಎಂದ. ಬರೆದಿರಲಿಲ್ಲ. ಯಾರಿಗೂ ಹೊಳೆದೇ ಇರಲಿಲ್ಲ, ವಾರ್ಡಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ನಿನಗೂ. ಅವತ್ತೇ ಮೇಡಂ ಮತ್ತು ನಾನು ಫೋನಿನಲ್ಲೇ ಮಾತಾಡಿಕೊಂಡು ಆರು ಸಾಲು ಬರೆದೆವು. ಫಿಟ್ಸ್ ಇರುವವರಲ್ಲಿ ಒಲೆಯ ಮುಂದೆ ಸುಟ್ಟುಕೊಳ್ಳುವವರು ಬಹಳ, ಅದರಲ್ಲೂ ಹೆಂಗಸರು ಎಂಬುದರ ಮೇಲೆ ಹಿಂದೆಯೇ ಅಧ್ಯಯನಗಳಾಗಿವೆ. ಅವುಗಳನ್ನೇ ಆಧಾರವಾಗಿ ಕೊಟ್ಟೆವು. 'ಫಿಟ್ಸ್' ಎಂದು ಹುಡುಕಿದವರು ನೇರವಾಗಿ ಅಪಸ್ಮಾರದ ಪುಟಕ್ಕೆ ಬರುವಂತೆ ನೀನು ಮಾಡಿದ್ದ ದಾರಿಯನ್ನೂ ಯಾರೋ ಮುಚ್ಚಿದ್ದರು, ಅದನ್ನು ಮತ್ತೆ ತೆರೆದೆವು. ಕುಲಗೋಡದಲ್ಲಿ ಅಪಸ್ಮಾರ ಎಂದು ಹುಡುಕುವವರು ಯಾರಿದ್ದಾರೆ, ನೀನೇ ಹೇಳು.

ನಾನು ಕ್ಷಮೆ ಕೇಳುತ್ತಿಲ್ಲ. ಕೇಳುವ ಬಾಯಿ ಇಲ್ಲ. ನಿನ್ನ ವಾಕ್ಯವನ್ನು ನಾನು ಮುರಿದೆ, ನಿನ್ನ ಹೆಸರು ಕೆಡುವುದನ್ನು ನೋಡುತ್ತ ಕೂತೆ. ಅಲ್ಲವ್ವನಿಗೆ ಹೇಳಿದ ಮೇಲೆ ನಿನಗೆ ಹೇಳದಿರುವುದು ಆಗಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ನೀನು ಈ ಕಾಗದ ಓದಿದ ಮೇಲೆ ಹೇಳುತ್ತೇನೆ. ಅವಳು ನಿನಗೆ ಹೊತ್ತಿಗೆ ಸರಿಯಾಗಿ ಉಣ್ಣು ಎಂದಿದ್ದಾಳೆ, ಬರೀ ಅನ್ನ ತಿಂದು ಮಲಗಬೇಡ, ರೊಟ್ಟಿ ಮಾಡಿಕೋ ಎಂದಿದ್ದಾಳೆ. ಮೇಡಂ ನಿನ್ನನ್ನು ನೆನೆಸಿದ್ದಾರೆ.

ಮೈಯ ಕಡೆ ನೋಡಿಕೋ. ಜೈ ಭೀಮ್.

ನಿನ್ನ ತಮ್ಮ,
ಸಿದ್ರಾಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಪುಟ ತೆರೆದು ನೋಡಿದೆ, ಅದಕ್ಕೇ ಇದು ಅವಸರದಲ್ಲಿ. ಒಲೆಯ ಆರು ಸಾಲು, ಫಿಟ್ಸ್ ಎಂಬ ದಾರಿ ಎರಡನ್ನೂ ತೆಗೆಯಬೇಕೆಂದು ಇವತ್ತು ಮುಂಜಾನೆ ಯಾರೋ ಹೊಸಬರು ಚರ್ಚೆಗೆ ಹಾಕಿದ್ದಾರೆ, ಒಂದು 'ಸ್ಥಳೀಯ ಅನುಭವ'ವಂತೆ, ಇನ್ನೊಂದು 'ಕನ್ನಡವಲ್ಲ'ವಂತೆ. ಉಳಿಯಬೇಕಾದರೆ ಹಳೆಯ ಸಂಪಾದಕರು ಮೂವರು ಒಪ್ಪಬೇಕು. ಮೇಡಂ ಒಬ್ಬರು, ನಾನೊಬ್ಬ. ಒಲೆಯ ಸಾಲು ಬಂತೋ ಎಂದು ಪುಟ ನೋಡುತ್ತಿದ್ದ ಅಲ್ಲವ್ವ ತಾನೇ ಖಾತೆ ತೆರೆದು ಎಡಗೈಯಲ್ಲಿ ಒಂದು ಸಾಲು ಬರೆದಿದ್ದಾಳೆ, 'ಒಲಿ ಮುಂದ ಬಿದ್ದಾಕಿ ನಾನ, ಇದನ್ನ ತಗೀಬ್ಯಾಡ್ರಿ' ಎಂದು. ಹೊಸ ಖಾತೆಯಾದ್ದರಿಂದ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲವಂತೆ. ರವಿವಾರ ಸಂಜೆ ಆರಕ್ಕೆ ಚರ್ಚೆ ಮುಗಿಯುತ್ತದೆ. ಗುರುವಾರ ಅಂಚೆಗೆ ರಜೆ, ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ, ಶುಕ್ರವಾರಕ್ಕಾದರೂ ಮುಟ್ಟೀತು. ನನ್ನ ಜೋಡಿ ಮಾತು ಬೇಡ, ಸಿಟ್ಟು ಹಾಗೇ ಇರಲಿ. ಲಾಗಿನ್ ಆಗು, ಅಕ್ಕಾ.